ಎನ್‌ಬಿಎ ಆಟಗಾರರ ಬೆಲೆ ಮತ್ತು ಕಾಂಟ್ರಾಕ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ, ಶಿರಸಿ ಕಡೆ ಬೆಳಗಿನ ಐದೂವರೆಗೇ ಎದ್ದು ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ಪಂದ್ಯ ನೋಡುವವರಲ್ಲಿ ಆಟದ ಬಗ್ಗೆ ಜಗಳ ಕಡಿಮೆ, ದುಡ್ಡಿನ ಬಗ್ಗೆ ಹೆಚ್ಚು. "ಅವನಿಗೆ ಅಷ್ಟು ಕೊಡಬೇಕಿತ್ತಾ?" ಎಂಬಲ್ಲಿ ಶುರುವಾದ ಮಾತು ಚಹಾ ಆರಿದರೂ ಮುಗಿಯುವುದಿಲ್ಲ. ಹೆಚ್ಚಿನ ವಾದಗಳು ದಾರಿ ತಪ್ಪುವುದು ಒಂದೇ ಜಾಗದಲ್ಲಿ: ಆಟಗಾರ ಎಷ್ಟು ದೊಡ್ಡವನು ಎಂಬುದನ್ನೂ ಅವನ ಕಾಂಟ್ರಾಕ್ಟ್ ಎಷ್ಟು ಒಳ್ಳೆಯದು ಎಂಬುದನ್ನೂ ಒಂದೇ ಪ್ರಶ್ನೆ ಎಂದುಕೊಳ್ಳುತ್ತೇವೆ. ಅವು ಬೇರೆ ಬೇರೆ ಪ್ರಶ್ನೆಗಳು. ಕೆಳಗಿನ ಲೆಕ್ಕಗಳು ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಸಾಮೂಹಿಕ ಒಪ್ಪಂದದ ನಿಯಮಗಳನ್ನೂ 2025–26ರ ಹಂಗಾಮಿನ ಅಂಕಿಗಳನ್ನೂ ಆಧರಿಸಿವೆ.

ಐದು ವರ್ಷಕ್ಕೆ 31 ಕೋಟಿ ಡಾಲರ್! ಯಾರಾದರೂ ಅಷ್ಟು ಬಾಳುತ್ತಾರೆಯೇ?

ಮೊದಲು ಆ ಒಟ್ಟು ಮೊತ್ತವನ್ನು ಬದಿಗಿಡಿ. ಎನ್‌ಬಿಎಯಲ್ಲಿ ಡಾಲರಿಗಿಂತ ಮುಖ್ಯವಾದ ಅಳತೆ ಶೇಕಡಾ. ಪ್ರತಿ ತಂಡಕ್ಕೂ ಸ್ಯಾಲರಿ ಕ್ಯಾಪ್ ಎಂಬ, ವರ್ಷದ ಒಟ್ಟು ಸಂಬಳದ ಮಿತಿ ಇದೆ. 2025–26ಕ್ಕೆ ಅದು 15.46 ಕೋಟಿ ಡಾಲರ್. ಒಬ್ಬನ ಸಂಬಳ ಅದರಲ್ಲಿ ಎಷ್ಟು ಪಾಲು ತಿನ್ನುತ್ತದೆ ಎಂದು ಕೇಳಬೇಕು.

ಬಾಸ್ಟನ್ನಿನ ಜೇಸನ್ ಟೇಟಮ್ ಲೆಕ್ಕ ನೋಡಿ. ಮೊದಲ ವರ್ಷ ಕ್ಯಾಪಿನ 35%, ಅಂದರೆ 5.41 ಕೋಟಿ. ಆಮೇಲೆ ಪ್ರತಿ ವರ್ಷ ಆ ಮೊದಲ ವರ್ಷದ ಮೊತ್ತದ 8% ಸೇರುತ್ತದೆ. ಇದು ಚಕ್ರಬಡ್ಡಿಯಲ್ಲ, ಸರಳ ಬಡ್ಡಿಯ ಹಾಗೆ. 5.41, 5.85, 6.28, 6.71, 7.14, ಕೂಡಿದರೆ 31.39 ಕೋಟಿ. ಐದನೇ ವರ್ಷದ 7.14 ಕೋಟಿ ಕಣ್ಣು ಕುಕ್ಕುತ್ತದೆ, ಆದರೆ ಕ್ಯಾಪ್ ವರ್ಷಕ್ಕೆ 10% ಏರುತ್ತ ಹೋದರೆ ಅದು ಆಗಿನ ಕ್ಯಾಪಿನ ಸುಮಾರು 31.6% ಮಾತ್ರ. ಕ್ಯಾಪ್ ಏರದೇ ನಿಂತರೆ ಅದೇ ಮೊತ್ತ 46%. ಒಪ್ಪಂದ ಒಂದೇ, ಬೆಲೆ ಎರಡು.

ಇನ್ನೊಂದು ಎಚ್ಚರಿಕೆ. ಸುದ್ದಿಯಲ್ಲಿ ಬರುವ ಮೊತ್ತ ಹಲವು ಸಲ ಅಂದಾಜು. 2023ರಲ್ಲಿ ಜೇಲೆನ್ ಬ್ರೌನ್‌ಗೆ 30.4 ಕೋಟಿ ಎಂದು ಎಲ್ಲೆಡೆ ಬಂತು. ಅದು ಮುಂದಿನ ವರ್ಷ ಕ್ಯಾಪ್ 10% ಏರುತ್ತದೆ ಎಂಬ ಊಹೆಯ ಲೆಕ್ಕ. ಏರಿದ್ದು ಸುಮಾರು 3.4%, ಹಾಗಾಗಿ ನಿಜವಾದ ಮೊತ್ತ 28.5 ಕೋಟಿಗೆ ನಿಂತಿತು. ಈಗಲೂ ವಾದದಲ್ಲಿ ಹಳೆಯ ಅಂಕಿಯನ್ನೇ ಹೇಳುವವರಿದ್ದಾರೆ.

ಈ ಕ್ಯಾಪ್ ಎಂಬುದು ಎಲ್ಲಿಂದ ಬರುತ್ತದೆ? ಯಾರು ನಿಗದಿ ಮಾಡುತ್ತಾರೆ?

ಕಾರವಾರದ ಬೈತಖೋಲದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪರ್ಸೀನ್ ಬೋಟಿನಲ್ಲಿ ಮೀನು ಮಾರಿದ ಹಣ ಮಾಲೀಕನಿಗೆ ಇಷ್ಟು, ದುಡಿದವರಿಗೆ ಇಷ್ಟು ಎಂದು ಪಾಲಾಗುತ್ತದಲ್ಲ, ಇಲ್ಲಿಯೂ ಹಾಗೆಯೇ. ಟಿವಿ ಹಕ್ಕು, ಟಿಕೆಟ್, ಜಾಹೀರಾತು ಮುಂತಾದ ಬಾಸ್ಕೆಟ್‌ಬಾಲ್ ಆದಾಯದಲ್ಲಿ 49ರಿಂದ 51% ಆಟಗಾರರ ಪಾಲು. ವ್ಯತ್ಯಾಸವೆಂದರೆ ಬೋಟಿನಲ್ಲಿ ಡೀಸೆಲ್, ಐಸಿನ ಖರ್ಚು ಕಳೆದ ಮೇಲೆ ಪಾಲು. ಎನ್‌ಬಿಎಯಲ್ಲಿ ಬಹುಮಟ್ಟಿಗೆ ಆದಾಯದ ಮೇಲೆಯೇ ಪಾಲು. ಆದಾಯದ ಅಂದಾಜು ಮಾಡಿ, ಆಟಗಾರರ ಪಾಲನ್ನು 30 ತಂಡಗಳಿಗೆ ಹಂಚಿದರೆ ಬರುವುದೇ ಕ್ಯಾಪಿನ ಮೂಲ. ಅಂದಾಜು ತಪ್ಪಿದರೆ ಸರಿಪಡಿಸಲು ಆಟಗಾರರ ಸಂಬಳದ 10% ಹಿಡಿದಿಟ್ಟುಕೊಂಡು, ವರ್ಷದ ಕೊನೆಗೆ ಲೆಕ್ಕ ಚುಕ್ತಾ ಮಾಡುತ್ತಾರೆ.

ಕ್ಯಾಪ್ ಶುರುವಾದ 1984–85ರಲ್ಲಿ ಅದು ತಂಡಕ್ಕೆ 36 ಲಕ್ಷ ಡಾಲರ್ ಮಾತ್ರ. ಅಂದಿನ ಸಂಬಳವನ್ನು ಇಂದಿನದಕ್ಕೆ ಡಾಲರಿನಲ್ಲಿ ಹೋಲಿಸುವುದು ವ್ಯರ್ಥ.

ಆಟಗಾರರಿಗೆ ಹೆಚ್ಚು ಕೊಡುತ್ತಾರೆ ಎಂದು ಸಿಟ್ಟಾಗುವವರು ಒಂದು ಮಾತು ನೆನಪಿಡಬೇಕು: ಅವರಿಗೆ ಕೊಡದ ಹಣ ಟಿಕೆಟ್ ಅಗ್ಗ ಮಾಡುವುದಿಲ್ಲ, ಮಾಲೀಕರ ಕಡೆ ಉಳಿಯುತ್ತದೆ. ಜನ ನೋಡುವುದು ಆಟಗಾರರನ್ನು. ಅರ್ಧ ಪಾಲು ಅವರದ್ದಾಗಿರುವುದು ನ್ಯಾಯ.

ಕ್ಯಾಪ್ ದಾಟಿದ ತಂಡಗಳೂ ಆಟಗಾರರನ್ನು ಸೇರಿಸಿಕೊಳ್ಳುತ್ತಲೇ ಇರುತ್ತವೆ. ಹೇಗೆ?

ಇದು ಗಟ್ಟಿ ಗೋಡೆಯಲ್ಲ, ಬೇಲಿ, ನಡುವೆ ದಣಪೆಗಳಿವೆ. ದೊಡ್ಡ ದಣಪೆ ಬರ್ಡ್ ಹಕ್ಕು: ಒಬ್ಬ ಆಟಗಾರ ಮೂರು ಹಂಗಾಮು, ತಂಡ ಕೈಬಿಡದೆ ಅಥವಾ ತಾನಾಗಿ ಫ್ರೀ ಏಜೆಂಟ್ (ಒಪ್ಪಂದ ಮುಗಿದು ಸ್ವತಂತ್ರನಾದವನು) ಆಗಿ ಬೇರೆಡೆ ಹೋಗದೆ ಇದ್ದರೆ, ಅವನ ಈಗಿನ ತಂಡ ಕ್ಯಾಪ್ ದಾಟಿಯೂ ಗರಿಷ್ಠ ಸಂಬಳದವರೆಗೆ ಕೊಟ್ಟು ಉಳಿಸಿಕೊಳ್ಳಬಹುದು. ಟ್ರೇಡ್ ಆದರೆ, ಅಂದರೆ ತಂಡಗಳ ನಡುವೆ ಅದಲುಬದಲಾದರೆ, ಹಕ್ಕೂ ಜೊತೆಗೆ ಹೋಗುತ್ತದೆ. ಸ್ವಂತ ತಂಡ ಐದು ವರ್ಷ, 8% ಏರಿಕೆ ಕೊಡಬಹುದು. ಹೊರಗಿನ ತಂಡ ನಾಲ್ಕು ವರ್ಷ, 5% ಮಾತ್ರ. ಇನ್ನೊಂದು ದಣಪೆ ಮಿಡ್‌ಲೆವೆಲ್ ಎಕ್ಸೆಪ್ಷನ್, ಕ್ಯಾಪ್ ದಾಟಿಯೂ ಹೊರಗಿನ ಆಟಗಾರನಿಗೆ ಕೊಡಬಹುದಾದ ಸಂಬಳ: 2025–26ರಲ್ಲಿ 1.41 ಕೋಟಿ. ಕನಿಷ್ಠ ಸಂಬಳದ ಒಪ್ಪಂದಕ್ಕೆ ಕ್ಯಾಪಿನ ಅಡ್ಡಿ ಇಲ್ಲ.

ಆದರೆ ದಾಟಿದಷ್ಟೂ ಕಷ್ಟ ಹೆಚ್ಚು. 18.79 ಕೋಟಿ ದಾಟಿದರೆ ಲಕ್ಷುರಿ ಟ್ಯಾಕ್ಸ್, ತಂಡ ಲೀಗಿಗೆ ಕಟ್ಟುವ ದಂಡದಂಥ ತೆರಿಗೆ. 19.59 ಕೋಟಿ ಫಸ್ಟ್ ಏಪ್ರನ್ ಎಂಬ ಗೆರೆ: ಟ್ರೇಡಿನಲ್ಲಿ ಕಳಿಸಿದ್ದಕ್ಕಿಂತ ಹೆಚ್ಚು ಸಂಬಳ ಒಳಗೆ ತರುವಂತಿಲ್ಲ. 20.78 ಕೋಟಿ ಸೆಕೆಂಡ್ ಏಪ್ರನ್: ಮಿಡ್‌ಲೆವೆಲ್ ಪೂರ್ತಿ ಬಂದ್, ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ಏಳು ವರ್ಷ ಆಚೆಗಿನ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಹಕ್ಕು) ಟ್ರೇಡ್ ಮಾಡುವಂತಿಲ್ಲ. ಮಾಲೀಕ ಎಷ್ಟೇ ಶ್ರೀಮಂತನಾದರೂ ದುಡ್ಡು ಕೊಟ್ಟು ಇದರಿಂದ ಪಾರಾಗಲಾರ. 2024ರ ಚಾಂಪಿಯನ್ ಬಾಸ್ಟನ್ 2025ರ ಬೇಸಿಗೆಯಲ್ಲಿ ಜ್ರೂ ಹಾಲಿಡೇ ಮತ್ತು ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಇಬ್ಬರನ್ನೂ ಕಳಿಸಿದ್ದು ಇದೇ ಗೆರೆಯಿಂದ ಕೆಳಗಿಳಿಯಲು.

ಗರಿಷ್ಠ ಸಂಬಳ ಎಲ್ಲರಿಗೂ ಒಂದೇಯೇ?

ಇಲ್ಲ. ಲೀಗಿನಲ್ಲಿ ಆಡಿದ ವರ್ಷಗಳ ಮೇಲೆ: ಆರು ವರ್ಷದವರೆಗೆ ಕ್ಯಾಪಿನ 25%, ಏಳರಿಂದ ಒಂಬತ್ತು ವರ್ಷಕ್ಕೆ 30%, ಹತ್ತು ಮತ್ತು ಮೇಲ್ಪಟ್ಟವರಿಗೆ 35%. ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ), ಆಲ್ ಎನ್‌ಬಿಎ (ವರ್ಷದ ಶ್ರೇಷ್ಠರ ತಂಡ), ವರ್ಷದ ಡಿಫೆನ್ಸಿವ್ ಆಟಗಾರ ಮುಂತಾದ ಮಾನ್ಯತೆ ಪಡೆದವರು ಒಂದು ಮೆಟ್ಟಿಲು ಮೇಲೆ ಹತ್ತಬಹುದು. ಎಂಟು–ಒಂಬತ್ತು ವರ್ಷದವರು ಹೀಗೆ 35%ಗೆ ಹತ್ತುವುದನ್ನು ಸೂಪರ್‌ಮ್ಯಾಕ್ಸ್ ಎನ್ನುತ್ತಾರೆ. ಅದಕ್ಕೆ ಡ್ರಾಫ್ಟ್ ಮಾಡಿದ ತಂಡದಲ್ಲೇ ಇರಬೇಕು, ಇಲ್ಲವೇ ರೂಕಿ ಒಪ್ಪಂದ (ಹೊಸಬನ ಮೊದಲ ಒಪ್ಪಂದ) ಮುಗಿಯುವ ಮೊದಲೇ ಈಗಿನ ತಂಡಕ್ಕೆ ಬಂದಿರಬೇಕು. 2025ರ ಫೆಬ್ರವರಿಯಲ್ಲಿ ಡಲ್ಲಾಸ್ ತಂಡ ಲೂಕಾ ಡಾನ್ಚಿಚ್‌ನನ್ನು ಲೇಕರ್ಸಿಗೆ ಟ್ರೇಡ್ ಮಾಡಿದಾಗ ಅವನ ಸುಮಾರು 34.5 ಕೋಟಿಯ ಅರ್ಹತೆ ಹಾರಿಹೋಯಿತು. ಆಗಸ್ಟಿನಲ್ಲಿ ಅವನು ಸಹಿ ಹಾಕಿದ್ದು ಮೂರು ವರ್ಷದ 16.5 ಕೋಟಿಗೆ. ತಪ್ಪು ಅವನದಲ್ಲ, ತೀರ್ಮಾನವೂ ಅವನದಲ್ಲ.

ಇಲ್ಲಿ ನಮ್ಮ ಸ್ಪಷ್ಟ ಅಭಿಪ್ರಾಯ: ಲೀಗಿನ ಅತ್ಯುತ್ತಮ ಐದಾರು ಜನ 35%ಗೂ ಅಗ್ಗ. ಗರಿಷ್ಠ ಮಿತಿ ಇರದಿದ್ದರೆ ನಿಕೋಲಾ ಯೋಕಿಚ್‌ನಂಥವನಿಗೆ ಕ್ಯಾಪಿನ ಅರ್ಧ ಕೊಡಲೂ ತಂಡಗಳು ಸಾಲುಗಟ್ಟುತ್ತಿದ್ದವು. ದುಬಾರಿ ಬೀಳುವುದು ಆ ಸಾಲಿನ ಹಿಂದಿನವರು: 20ನೇ, 25ನೇ ಸ್ಥಾನದ ಆಟಗಾರನಿಗೂ ಅದೇ 30–35% ಕೊಟ್ಟಾಗ. ಮೊದಲನೆಯವನಿಗೂ ಇಪ್ಪತ್ತೈದನೆಯವನಿಗೂ ಒಂದೇ ದರ ಎಂಬಲ್ಲಿಯೇ ತಂಡಗಳು ಮುಗ್ಗರಿಸುತ್ತವೆ.

ಪಂದ್ಯಕ್ಕೆ 26 ಪಾಯಿಂಟ್ ಹೊಡೆಯುವವನಿಗೆ 20 ಹೊಡೆಯುವವನಿಗಿಂತ ಹೆಚ್ಚು ಸಿಗಬೇಕಲ್ಲವೇ?

ಬೇಕಾಗಿಲ್ಲ. ಎಷ್ಟು ಅವಕಾಶ ಖರ್ಚು ಮಾಡಿ ಹೊಡೆದ ಎಂಬುದು ಮೊದಲ ಪ್ರಶ್ನೆ. ಇದಕ್ಕೆ ಟ್ರೂ ಶೂಟಿಂಗ್ ಎಂಬ ಲೆಕ್ಕವಿದೆ, ಕಾಗದ ಪೆನ್ಸಿಲ್ಲಿನಲ್ಲಿ ಮಾಡಬಹುದು. ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ, ಶಾಟ್‌ಗಳಿಗೆ ಕೂಡಿಸಿ, ಎರಡು ಪಟ್ಟು ಮಾಡಿ. ಅದರಿಂದ ಪಾಯಿಂಟ್‌ಗಳನ್ನು ಭಾಗಿಸಿ.

ಒಬ್ಬ 24 ಶಾಟ್, 6 ಫ್ರೀ ಥ್ರೋ ತೆಗೆದುಕೊಂಡು 26 ಪಾಯಿಂಟ್ ಮಾಡಿದ ಎನ್ನಿ. 6 × 0.44 = 2.64, ಕೂಡಿದರೆ 26.64, ಎರಡು ಪಟ್ಟು 53.28. 26ನ್ನು ಭಾಗಿಸಿದರೆ 48.8%. ಇನ್ನೊಬ್ಬ 15 ಶಾಟ್, 5 ಫ್ರೀ ಥ್ರೋಗಳಲ್ಲಿ 20 ಮಾಡಿದ: 15 + 2.2 = 17.2, ಎರಡು ಪಟ್ಟು 34.4, ಭಾಗಿಸಿದರೆ 58.1%. ಎರಡನೆಯವನು ಉಳಿಸಿದ ಅವಕಾಶಗಳನ್ನು ಜೊತೆಯವರು ಬಳಸುತ್ತಾರೆ. ಮೊದಲನೆಯವನ 26 ಪಾಯಿಂಟ್ ತಂಡಕ್ಕೆ ಹೊರೆ. (0.44 ಏಕೆಂದರೆ, ಎರಡು ಫ್ರೀ ಥ್ರೋ ಸೇರಿ ಒಂದು ಅವಕಾಶ ಖರ್ಚಾಗುವುದು ಸಾಮಾನ್ಯ. ಬುಟ್ಟಿಗೆ ಬಿದ್ದ ಶಾಟಿನ ಜೊತೆ ಸಿಗುವ ಹೆಚ್ಚುವರಿ ಥ್ರೋ, ಟೆಕ್ನಿಕಲ್ ಫೌಲಿನ ಥ್ರೋಗಳಿಗೆ ಅವಕಾಶ ಖರ್ಚಾಗುವುದಿಲ್ಲ. ಹಾಗಾಗಿ ಅರ್ಧಕ್ಕಿಂತ ತುಸು ಕಡಿಮೆ.)

ಆದರೂ ಇಷ್ಟಕ್ಕೇ ನಿಲ್ಲಬೇಡಿ. ರಿಂಗಿನ ಕೆಳಗೆ ನಿಂತು ಸಿಕ್ಕ ಪಾಸನ್ನು ಡಂಕ್ ಮಾಡುವ ಸೆಂಟರಿನ ಶೇಕಡಾ ಯಾವಾಗಲೂ ಹೆಚ್ಚು. ಶಾಟ್ ಗಡಿಯಾರದಲ್ಲಿ ಮೂರು ಸೆಕೆಂಡ್ ಉಳಿದಾಗ ಚೆಂಡು ಬರುವುದು ಗಾರ್ಡ್ ಕೈಗೆ. ಆ ಕೆಟ್ಟ ಶಾಟನ್ನು ಯಾರಾದರೂ ತೆಗೆದುಕೊಳ್ಳಲೇಬೇಕು. ಹೀಗಾಗಿ ಒಂದೇ ಬಗೆಯ ಕೆಲಸ ಮಾಡುವವರನ್ನು ಮಾತ್ರ ಹೋಲಿಸಿ.

ಇನ್ನು ಅಂಕಿಗೆ ಸಿಗದ ಕೆಲಸ. ಬಡಗುತಿಟ್ಟಿನ ಆಟದಲ್ಲಿ ಚಪ್ಪಾಳೆ ವೇಷಕ್ಕೆ ಬೀಳುತ್ತದೆ, ಆದರೆ ಪ್ರಸಂಗ ಎತ್ತಿ ನಿಲ್ಲಿಸುವುದು ಭಾಗವತರು. ಅವರು ಹೆಜ್ಜೆ ಹಾಕುವುದಿಲ್ಲ, ಅರ್ಥ ಹೇಳುವುದಿಲ್ಲ. ಆದರೂ ಭಾಗವತರು ಬದಲಾದರೆ ಅದೇ ವೇಷಧಾರಿ ಬೇರೆಯೇ ಆಗಿ ಕಾಣುತ್ತಾನೆ. ಬಾಸ್ಕೆಟ್‌ಬಾಲಿನಲ್ಲೂ ಸ್ಕ್ರೀನ್ ಹಾಕಿ, ಅಂದರೆ ಎದುರಾಳಿಗೆ ಅಡ್ಡ ನಿಂತು, ದಾರಿ ಬಿಡಿಸುವವನು, ಡಿಫೆನ್ಸಿನಲ್ಲಿ ಕೂಗಿ ಎಲ್ಲರನ್ನೂ ಜಾಗಕ್ಕೆ ನಿಲ್ಲಿಸುವವನು ಇರುತ್ತಾನೆ. ಅವನ ಬೆಲೆ ಹಿಡಿಯಲು ಪ್ಲಸ್-ಮೈನಸ್ ಬಂತು: ಅವನು ಅಂಗಳದಲ್ಲಿದ್ದ ಹೊತ್ತಿನಲ್ಲಿ ತಂಡ ಎಷ್ಟು ಮುಂದೆ ಹೋಯಿತು, ಇಲ್ಲವೇ ಹಿಂದೆ ಬಿತ್ತು. ಒಂದು ಪಂದ್ಯದ ಪ್ಲಸ್-ಮೈನಸ್ ತೋರಿಸಿ ವಾದಿಸುವುದು ಮಾತ್ರ ತಪ್ಪು. ತಾರೆಗಳ ಜೊತೆಗೇ ಇಳಿಯುವವನಿಗೆ ಅದು ಪುಕ್ಕಟೆ ಸಿಗುತ್ತದೆ. ಎದುರಾಳಿಯ ತ್ರೀ ಪಾಯಿಂಟರ್‌ಗಳು ಅವತ್ತು ಬೀಳದಿದ್ದರೂ ಸಿಗುತ್ತದೆ. ಜೊತೆಗಾರರ, ಎದುರಾಳಿಗಳ ಪ್ರಭಾವ ಕಳೆದು, ಹಲವು ಹಂಗಾಮುಗಳ ಮೇಲೆ ಮಾಡಿದ ಲೆಕ್ಕವೇ ನಂಬಲರ್ಹ.

ನಿಮಿಷಗಳೂ ಮೋಸ ಮಾಡುತ್ತವೆ. 18 ನಿಮಿಷಕ್ಕೆ 12 ಪಾಯಿಂಟ್ ಹೊಡೆಯುವವನು 36 ನಿಮಿಷಕ್ಕೆ 24 ಹೊಡೆಯುತ್ತಾನೆ ಎಂದು ಗುಣಿಸಿ ದೊಡ್ಡ ಒಪ್ಪಂದ ಕೊಟ್ಟವರು ಕೈ ಸುಟ್ಟುಕೊಂಡಿದ್ದಾರೆ. ಎದುರಾಳಿಯ ಬೆಂಚಿನ ಎದುರು ಆಡಿದ ನಿಮಿಷಗಳು ಅವು. ಜೊತೆಗೆ ದಣಿವು, ಫೌಲ್ ಎರಡೂ ಆ ಗುಣಾಕಾರದಲ್ಲಿ ಇಲ್ಲ.

ವಯಸ್ಸಾದ, ಗಾಯಗೊಂಡ ಆಟಗಾರರಿಗೆ ಏಕೆ ಅಷ್ಟು ದುಡ್ಡು?

ಶಿರಸಿ, ಸಿದ್ದಾಪುರದಲ್ಲಿ ಅಡಿಕೆ ಫಸಲನ್ನು ಗುತ್ತಿಗೆ ಹಿಡಿಯುವವರು ಮರದಲ್ಲಿರುವ ಹಸಿ ಗೊನೆ ನೋಡಿ ಬೆಲೆ ಕಟ್ಟುತ್ತಾರೆ. ಹೋದ ವರ್ಷ ಎಷ್ಟು ಕ್ವಿಂಟಲ್ ಆಯಿತು ಎಂಬುದು ಅಂದಾಜಿಗೆ ನೆರವು, ಅಷ್ಟೇ. ಮಳೆ ಜೋರಾಗಿ ಕೊಳೆ ಬಂದರೆ ನಷ್ಟ ಗುತ್ತಿಗೆದಾರನದ್ದು. ಒಳ್ಳೆಯ ತಂಡಗಳೂ ಹೀಗೆಯೇ ಮುಂದಿನ ಫಸಲಿಗೆ ಕೊಡುತ್ತವೆ. ಆದರೆ ಒಪ್ಪಂದ ಬರೆಯುವ ಹೊತ್ತಿಗೆ ಎದುರಿಗಿರುವುದು ಹಿಂದಿನ ಹಂಗಾಮಿನ ಅಂಕಿ, ಆಗ ಕಣ್ಣು ತಪ್ಪುತ್ತದೆ. ಸಾಮಾನ್ಯವಾಗಿ 24ರಿಂದ 29ರ ನಡುವೆ ಆಟ ತುದಿಯಲ್ಲಿರುತ್ತದೆ. 31ರಲ್ಲಿ ಐದು ವರ್ಷದ ಒಪ್ಪಂದ ಎಂದರೆ 35ರವರೆಗೆ, ಅದೂ ಏರುವ ಸಂಬಳದಲ್ಲಿ ಇಳಿಯುವ ಆಟ. ಗೆಲುವು ಈಗಲೇ ಬೇಕು ಎನ್ನುವ ತಂಡ ಮೊದಲ ಎರಡು ವರ್ಷಕ್ಕಾಗಿ ಕೊನೆಯ ಎರಡು ವರ್ಷ ಕಳೆದುಕೊಳ್ಳಲು ತಯಾರಿರುತ್ತದೆ. ಅದು ತಿಳಿದೇ ಮಾಡಿದ್ದಾದರೆ ತಪ್ಪಲ್ಲ.

ಗಾಯದ ಭಯ ಉಲ್ಟಾ ಹೊಡೆದದ್ದೂ ಇದೆ. ಸ್ಟೀಫನ್ ಕರಿಯ ಹಿಮ್ಮಡಿಗಂಟು ಪದೇ ಪದೇ ಉಳುಕುತ್ತಿದ್ದುದರಿಂದ 2012ರಲ್ಲಿ ನಾಲ್ಕು ವರ್ಷಕ್ಕೆ 4.4 ಕೋಟಿಗೆ ಒಪ್ಪಂದವಾಯಿತು. ಅದೇ ಅವಧಿಯಲ್ಲಿ ಅವನು 2015, 2016ರಲ್ಲಿ ಎಂವಿಪಿ ಆದ. ಆ ಅಗ್ಗದ ಸಂಬಳ, ಜೊತೆಗೆ 2016ರಲ್ಲಿ ಕ್ಯಾಪ್ 7 ಕೋಟಿಯಿಂದ 9.41 ಕೋಟಿಗೆ ಒಮ್ಮೆಲೇ ಹಾರಿದ್ದು, ಎರಡೂ ಸೇರಿ ಗೋಲ್ಡನ್ ಸ್ಟೇಟಿಗೆ ಕೆವಿನ್ ಡ್ಯುರಾಂಟ್ ಬರಲು ಜಾಗವಾಯಿತು.

ಅಷ್ಟೇ ಆಡಿದ ಇಬ್ಬರಲ್ಲಿ ಒಬ್ಬನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ ಸಿಗುವುದೇಕೆ?

ಟೆಂಡರಿಗೆ ಯಾರು ಬಂದಿದ್ದಾರೆ ಎಂಬುದರ ಮೇಲೆ. ಅದೇ ರಾಶಿ ಅಡಿಕೆಗೆ ಖರೀದಿದಾರರು ಹೆಚ್ಚಿದ್ದ ದಿನ ಒಂದು ದರ, ಇಲ್ಲದ ದಿನ ಇನ್ನೊಂದು. 2016ರಲ್ಲಿ ಎಲ್ಲ ತಂಡಗಳ ಕೈಯಲ್ಲೂ ಹಣ; ಲೇಕರ್ಸ್ ತಂಡ ಟಿಮೋಫೇ ಮೊಜ್ಗೋವ್‌ಗೆ ನಾಲ್ಕು ವರ್ಷಕ್ಕೆ 6.4 ಕೋಟಿ, ಲುವಾಲ್ ಡೆಂಗ್‌ಗೆ 7.2 ಕೋಟಿ ಕೊಟ್ಟಿತು. 2025ರ ಬೇಸಿಗೆಯಲ್ಲಿ ಕ್ಯಾಪಿನ ಕೆಳಗೆ ದೊಡ್ಡ ಜಾಗ ಇದ್ದದ್ದು ಬ್ರೂಕ್ಲಿನ್ ತಂಡದಲ್ಲಿ ಮಾತ್ರ. ಹಿಂದಿನ ಹಂಗಾಮಿನಲ್ಲಿ ಪಂದ್ಯಕ್ಕೆ 24 ಪಾಯಿಂಟ್ ಹೊಡೆದಿದ್ದ ಅದೇ ತಂಡದ ಕ್ಯಾಮ್ ಥಾಮಸ್ ಸುಮಾರು 60 ಲಕ್ಷ ಡಾಲರಿನ ಒಂದು ವರ್ಷದ ಕ್ವಾಲಿಫೈಯಿಂಗ್ ಆಫರಿಗೆ (ಮೊದಲ ಒಪ್ಪಂದ ಮುಗಿದವನಿಗೆ ಹಳೆಯ ತಂಡ ಕೊಡುವ ಕರೆಗೆ) ಸಹಿ ಹಾಕಬೇಕಾಯಿತು. ಇನ್ನು ಮುಂದೆ 2016ರಂಥ ಜಿಗಿತ ಬಾರದಂತೆ ಕ್ಯಾಪ್ ವರ್ಷಕ್ಕೆ 10%ಗಿಂತ ಹೆಚ್ಚು ಏರಬಾರದೆಂದು ನಿಯಮ ಮಾಡಿದ್ದಾರೆ.

ಹೊಸ ಆಟಗಾರರ ಸಂಬಳ ಇಷ್ಟು ಕಡಿಮೆ ಏಕೆ?

ಮೊದಲ ಸುತ್ತಿನ 30 ಪಿಕ್‌ಗಳಿಗೂ ದರಪಟ್ಟಿ ಮೊದಲೇ ಸಿದ್ಧ. ಅದರ 80ರಿಂದ 120%ವರೆಗೆ ಚೌಕಾಸಿ. ಎರಡು ವರ್ಷ ಖಾತ್ರಿ, ಮೂರನೆಯದು ನಾಲ್ಕನೆಯದು ತಂಡದ ಇಷ್ಟ. 2023ರ ಮೊದಲ ಪಿಕ್ ವಿಕ್ಟರ್ ವೆಂಬನ್ಯಾಮಾಗೆ ನಾಲ್ಕು ವರ್ಷಕ್ಕೆ ಸುಮಾರು 5.5 ಕೋಟಿ. ಟೇಟಮ್‌ನ ಒಂದೇ ವರ್ಷದ ಸಂಬಳದಷ್ಟು. ತಂಡಗಳಿಗೆ ಅತಿ ಲಾಭದ ಒಪ್ಪಂದ ಇದೇ.

ನಾಲ್ಕು ವರ್ಷ ಮುಗಿದ ಮೇಲೂ ಅವನು ಪೂರ್ತಿ ಸ್ವತಂತ್ರನಲ್ಲ. ತಂಡ ಕ್ವಾಲಿಫೈಯಿಂಗ್ ಆಫರ್ ಕೊಟ್ಟರೆ ಅವನು ರೆಸ್ಟ್ರಿಕ್ಟೆಡ್ ಫ್ರೀ ಏಜೆಂಟ್: ಬೇರೆಯವರು ಕೊಟ್ಟ ಬೆಲೆಯನ್ನೇ ಕೊಟ್ಟು ಹಳೆಯ ತಂಡ ಉಳಿಸಿಕೊಳ್ಳಬಹುದು. 2022ರಲ್ಲಿ ಇಂಡಿಯಾನಾ ಡಿಆಂಡ್ರೆ ಏಟನ್‌ಗೆ ನಾಲ್ಕು ವರ್ಷಕ್ಕೆ 13.3 ಕೋಟಿ ಬರೆದುಕೊಟ್ಟಿತು. ಫೀನಿಕ್ಸ್ ಅದನ್ನೇ ಕೊಟ್ಟು ಹಿಡಿದುಕೊಂಡಿತು.

ಪ್ಲೇಯರ್ ಆಪ್ಷನ್, ಟೀಮ್ ಆಪ್ಷನ್?

ಕೊನೆಯ ವರ್ಷ ಬೇಕೋ ಬೇಡವೋ ಎಂದು ಯಾರು ತೀರ್ಮಾನಿಸುತ್ತಾರೆ ಎಂಬುದಷ್ಟೇ. ಆದರೆ ಅದರ ಬೆಲೆ ದೊಡ್ಡದು. ಆಟಗಾರನ ಆಪ್ಷನ್ ಇದ್ದರೆ ಆಟ ಕುಸಿದಾಗ ಅವನು ಉಳಿಯುತ್ತಾನೆ, ಏರಿದಾಗ ಹೋಗುತ್ತಾನೆ. ತಂಡಕ್ಕೆ ಎರಡೂ ಕಡೆ ನಷ್ಟ. ಒಪ್ಪಂದ ಓದುವಾಗ ಮೊತ್ತಕ್ಕಿಂತ ಮೊದಲು ಇದನ್ನು ನೋಡಿ. ಜೊತೆಗೆ ಯಾವ ವರ್ಷ ಪೂರ್ತಿ ಗ್ಯಾರಂಟಿ, ಯಾವುದು ಭಾಗಶಃ, ಯಾವ ದಿನಾಂಕದ ನಂತರ ಗ್ಯಾರಂಟಿ ಆಗುತ್ತದೆ ಎಂಬುದನ್ನೂ.

ತಂಡಕ್ಕೆ ಬೇಡವಾದರೆ ಆಟಗಾರನನ್ನು ತೆಗೆದುಹಾಕಬಹುದಲ್ಲ?

ಹಾಕಬಹುದು, ಗ್ಯಾರಂಟಿ ಹಣ ಕೊಡಲೇಬೇಕು, ಕ್ಯಾಪಿನಲ್ಲಿ ಅದು ಕೂತೇ ಇರುತ್ತದೆ. ಹೊರೆ ಹಗುರ ಮಾಡಲು ಸ್ಟ್ರೆಚ್ ಇದೆ: ಉಳಿದ ವರ್ಷಗಳ ಎರಡು ಪಟ್ಟು, ಜೊತೆಗೆ ಒಂದು ವರ್ಷಕ್ಕೆ ಹಂಚಬಹುದು. 2025ರ ಜುಲೈನಲ್ಲಿ ಮಿಲ್ವಾಕೀ ಬಕ್ಸ್, ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದಿದ್ದ ಡೇಮಿಯನ್ ಲಿಲ್ಲಾರ್ಡ್‌ನನ್ನು ಕೈಬಿಟ್ಟಿತು. ಎರಡು ವರ್ಷಕ್ಕೆ ಸುಮಾರು 11.3 ಕೋಟಿ ಬಾಕಿ. 2 × 2 + 1, ಐದು ವರ್ಷ. ವರ್ಷಕ್ಕೆ ಸುಮಾರು 2.25 ಕೋಟಿ. ಆ ಜಾಗದಲ್ಲಿ ಮೈಲ್ಸ್ ಟರ್ನರ್ ಬಂದ. ಆಡದವನ ಹೆಸರಿನಲ್ಲಿ ಐದು ವರ್ಷ ಅಷ್ಟು ಜಾಗ ಹೋಗುವುದು ಸಣ್ಣ ಮಾತಲ್ಲ.

ತಂಡಕ್ಕಾಗಿ ಕಡಿಮೆ ಸಂಬಳಕ್ಕೆ ಒಪ್ಪಿಕೊಂಡ ಎನ್ನುತ್ತಾರೆ. ಅದು ನಿಜವಾಗಿ ತ್ಯಾಗವೇ?

2024ರಲ್ಲಿ ನ್ಯೂಯಾರ್ಕಿನ ಜೇಲೆನ್ ಬ್ರನ್ಸನ್ ನಾಲ್ಕು ವರ್ಷಕ್ಕೆ 15.65 ಕೋಟಿಗೆ ಸಹಿ ಹಾಕಿದ. ಒಂದು ವರ್ಷ ಕಾದಿದ್ದರೆ ಐದು ವರ್ಷಕ್ಕೆ 26.9 ಕೋಟಿ. 11.3 ಕೋಟಿ ಬಿಟ್ಟುಕೊಟ್ಟ ಎಂದು ಲೆಕ್ಕ ಹಾಕುತ್ತಾರೆ, ಆದರೆ ಆ ವ್ಯತ್ಯಾಸದಲ್ಲಿ ಒಂದು ಇಡೀ ವರ್ಷದ ಸಂಬಳ ಸೇರಿದೆ. ಕೊನೆಯ ವರ್ಷದ ಆಪ್ಷನ್ ಬಿಟ್ಟು 2028ರಲ್ಲಿ ಹೊರಬಂದರೆ ಅವನಿಗೆ ಹತ್ತು ವರ್ಷದ ಅನುಭವ, 35% ಅರ್ಹತೆ. ಕಾಯುವ ಆ ಒಂದು ವರ್ಷದ ಗಾಯದ ಭಯವೂ ತಪ್ಪಿತು. ಇಷ್ಟೆಲ್ಲ ಕಳೆದರೂ ಅವನು ಬಿಟ್ಟದ್ದು ದೊಡ್ಡ ಮೊತ್ತವೇ. ತಂಡ ಅದರಿಂದ ಏಪ್ರನ್ ಕೆಳಗೆ ಉಸಿರಾಡಿತು. ಮೆಚ್ಚಬೇಕಾದ ನಿರ್ಧಾರ.

ಕಡಿಮೆಗೆ ಒಪ್ಪಿಸಿ, ಮುಂದೆ ಹೆಚ್ಚು ಕೊಡುತ್ತೇವೆ ಎಂದು ಗುಟ್ಟಾಗಿ ಮಾತು ಕೊಡುವುದು ಅಪರಾಧ. ಜೋ ಸ್ಮಿತ್ ಜೊತೆ ಹಾಗೆ ಮಾಡಿಕೊಂಡ ಮಿನ್ನೆಸೋಟಾಗೆ 2000ದಲ್ಲಿ 35 ಲಕ್ಷ ಡಾಲರ್ ದಂಡ ಬಿತ್ತು, ಮೊದಲ ಸುತ್ತಿನ ಪಿಕ್‌ಗಳೂ ಹೋದವು.

ಕೈಗೆ ಎಷ್ಟು ಬರುತ್ತದೆ?

ಅಮೆರಿಕದ ಕೇಂದ್ರ ಆದಾಯ ತೆರಿಗೆ ಮೇಲಿನ ಹಂತದಲ್ಲಿ 37%. ಏಜೆಂಟಿಗೆ ಹೆಚ್ಚೆಂದರೆ 4%. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ತೆರಿಗೆ 13% ದಾಟುತ್ತದೆ. ಟೆಕ್ಸಸ್, ಫ್ಲೋರಿಡಾದಲ್ಲಿ ಇಲ್ಲ. ಹೊರ ರಾಜ್ಯದಲ್ಲಿ ಆಡಿದ ದಿನಗಳಿಗೆ ಅಲ್ಲಿಯೂ ತೆರಿಗೆ ಕಟ್ಟಬೇಕು. ಅರ್ಧ ಉಳಿದರೆ ಹೆಚ್ಚು.

ಜುಲೈ 1ರ ಬೆಳಿಗ್ಗೆ ರಾಶಿ ಸುದ್ದಿ ಬರುತ್ತದೆ. ಏನು ನೋಡಬೇಕು?

ಫ್ರೀ ಏಜೆನ್ಸಿ ತೆರೆಯುವುದು ಅಮೆರಿಕದ ಪೂರ್ವ ಕರಾವಳಿಯಲ್ಲಿ ಜೂನ್ 30ರ ಸಂಜೆ 6ಕ್ಕೆ, ನಮಗೆ ಜುಲೈ 1ರ ನಸುಕಿನ 3:30ಕ್ಕೆ. ನಮ್ಮಲ್ಲಿ ಯಾಂತ್ರಿಕ ಬೋಟುಗಳು ದಡಕ್ಕೆ ಬಂದು ನಿಂತಿರುವ ಕಾಲ ಅದು, ಹರಟೆಗೆ ಹೊತ್ತಿರುತ್ತದೆ. ಹೆಚ್ಚಿನ ಸಹಿಗಳು ನಡೆಯುವುದು ಜುಲೈ 6ರ ನಂತರವೇ, ಅಲ್ಲಿಯವರೆಗೆ ಬಾಯಿಮಾತು. ಮೊದಲು ವರ್ಷ ನೋಡಿ, ಆಮೇಲೆ ಆಪ್ಷನ್ ಯಾರದ್ದು, ಮೊದಲ ವರ್ಷದ ಸಂಬಳ ಕ್ಯಾಪಿನ ಎಷ್ಟು ಶೇಕಡಾ, ಕೊನೆಯ ವರ್ಷಕ್ಕೆ ಅವನ ವಯಸ್ಸು ಎಷ್ಟು. "ಗರಿಷ್ಠ ಇಷ್ಟರವರೆಗೆ" ಎಂದಿದ್ದರೆ ಅದರಲ್ಲಿ ಬೋನಸ್ ಸೇರಿರಬಹುದು.

ಭಾರತದವರು ಯಾರಾದರೂ ಈ ಒಪ್ಪಂದ ಪಡೆದಿದ್ದಾರೆಯೇ?

2015ರಲ್ಲಿ ಡಲ್ಲಾಸ್ ತಂಡ ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು 52ನೇ ಪಿಕ್ಕಿನಲ್ಲಿ ಆರಿಸಿತು. ಡ್ರಾಫ್ಟ್ ಆದ ಮೊದಲ ಭಾರತೀಯ ಅವರು. ಆದರೆ ಎರಡನೇ ಸುತ್ತಿನ ಪಿಕ್‌ಗೆ ದರಪಟ್ಟಿಯೂ ಇಲ್ಲ, ಗ್ಯಾರಂಟಿಯೂ ಇಲ್ಲ. ಅವರು ಎನ್‌ಬಿಎ ಲೀಗ್ ಪಂದ್ಯ ಆಡಲಿಲ್ಲ. ಅದೇ ವರ್ಷ ಭಾರತ ಮೂಲದ ಕೆನಡಾದ ಸಿಮ್ ಭುಲ್ಲರ್ ಹತ್ತು ದಿನದ ಒಪ್ಪಂದದಲ್ಲಿ ಸ್ಯಾಕ್ರಮೆಂಟೋ ಪರ ಅಂಗಳಕ್ಕಿಳಿದರು.

ಈಗ ಅಂಥವರಿಗೆ ಬಾಗಿಲು ಟೂ-ವೇ ಒಪ್ಪಂದ. ತಂಡಕ್ಕೆ ಮೂರು ಸ್ಥಾನ, 15 ಜನರ ಮುಖ್ಯ ಪಟ್ಟಿಯ ಹೊರಗೆ. ಎನ್‌ಬಿಎಯಲ್ಲಿ ಹೆಚ್ಚೆಂದರೆ 50 ಪಂದ್ಯಗಳ ಪಟ್ಟಿಯಲ್ಲಿರಬಹುದು, ಉಳಿದದ್ದು ಕೆಳಹಂತದ ಜಿ ಲೀಗಿನಲ್ಲಿ. ಸಂಬಳ ಹೊಸಬನ ಕನಿಷ್ಠದ ಅರ್ಧ: 2025–26ಕ್ಕೆ 6,36,435 ಡಾಲರ್. ಕ್ಯಾಪಿಗೆ ಇದು ಲೆಕ್ಕಕ್ಕಿಲ್ಲ. ಒಳ್ಳೆಯ ಆಟ ಕಂಡರೆ ಹಂಗಾಮಿನ ನಡುವೆಯೇ ಇದನ್ನು ಪೂರ್ಣ ಒಪ್ಪಂದಕ್ಕೆ ಬದಲಾಯಿಸುತ್ತಾರೆ. ಅದಕ್ಕೆ ಮುಖ್ಯ ಪಟ್ಟಿಯಲ್ಲಿ ಒಂದು ಸ್ಥಾನ ಖಾಲಿ ಇರಬೇಕು.